ತಳವಿಲ್ಲದ ಆರು ಕಿಸೆಗಳು

ಕಳೆದ ತಿಂಗಳು ಕುಂಬ್ರದ ಮಸೀದಿಯ ಮೈಕಿನಲ್ಲಿ ಮರಣದ ಸುದ್ದಿ ಹೇಳುವಾಗ ನಾನು ಶಾಲೆಯ ಬ್ಯಾಗೊಂದಕ್ಕೆ ಜಿಪ್ ಕೂರಿಸುತ್ತಿದ್ದೆ. ಹೆಸರು ಕಿವಿಗೆ ಬಿತ್ತು, ಆದರೆ ಯಾರೆಂದು ತಕ್ಷಣ ಹೊಳೆಯಲಿಲ್ಲ. ಎಂಟು ವರ್ಷ ಪಕ್ಕದ ಕೋಣೆಯಲ್ಲಿ ಕೂತವರನ್ನು ನಾನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ‘ಇಚ್ಚ’ ಎನ್ನುತ್ತಿದ್ದೆ, ಬ್ಯಾರಿ ಭಾಷೆಯಲ್ಲಿ ಅಣ್ಣ ಎಂದು ಅರ್ಥ. ಅವರು ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ನನ್ನನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದರು. ಅವರ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಕೋರ್ಟಿನ ಕಾಗದಗಳಲ್ಲಿ ಅದನ್ನು ಬೇಕಾದಷ್ಟು ಸಲ ಬರೆದಾಗಿದೆ.

ನನ್ನದು ಕುಂಬ್ರ ಜಂಕ್ಷನ್ನಿನ ಹತ್ತಿರ ಬ್ಯಾಗು ರಿಪೇರಿಯ ಅಂಗಡಿ. ಕಟ್ಟಡದ ಹಿಂಬದಿಗೆ ಎರಡು ಸಣ್ಣ ಕೋಣೆಗಳು, ನಡುವೆ ಒಂದೇ ಗೋಡೆ. ಆ ಇನ್ನೊಂದು ಕೋಣೆಯನ್ನು ಅವರು ಬಾಡಿಗೆಗೆ ಹಿಡಿದ ಮೊದಲ ದಿನವೇ ನನ್ನ ಬಾಗಿಲಿಗೆ ಬಂದು ನಿಂತರು. ಎತ್ತರದ, ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ.

“ಅಕ್ಕ, ಮೇಣ ಹಚ್ಚಿದ ನೂಲು ಉಂಟಾ?”

“ಉಂಟು. ಎಂತಕ್ಕೆ? ಚಪ್ಪಲಿಗಾ?”

“ಅಲ್ಲ, ಇದಕ್ಕೆ.”

ಅವರು ಪ್ಲಾಸ್ಟಿಕ್ ಚೀಲದಿಂದ ಒಂದು ವಸ್ತು ತೆಗೆದರು. ಬಿಲ್ಲಿನ ಹಾಗೆ ಬಾಗಿದ ಕಬ್ಬಿಣದ ಕಂಬಿ, ಅದಕ್ಕೆ ಸುತ್ತಿದ ಕಪ್ಪು ಚರ್ಮ, ಕೆಳಗೆ ಹರಿದು ಜೋತಾಡುವ ಬಲೆ. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ.

“ಕರುವಿನ ಬಾಯಿಗೆ ಕಟ್ಟುವ ಕುಕ್ಕೆಯಾ ಇಚ್ಚ?”

ಅವರು ಬಹಳ ಹೊತ್ತು ನಕ್ಕರು. “ಪೂಲ್ ಟೇಬಲ್ ಗೊತ್ತುಂಟಾ? ಹಸಿರು ಬಟ್ಟೆ ಹಾಸಿದ ಮೇಜು, ಕೋಲಿನಲ್ಲಿ ಚೆಂಡು ದೂಡುದು. ಆ ಚೆಂಡು ಬೀಳುವ ಪಾಕೆಟ್ ಇದು. ಒಂದು ಮೇಜಿಗೆ ಆರು. ಇದು ಸುಳ್ಯದ ಒಂದು ಹೋಂಸ್ಟೇಯಿಂದ ಬಂದದ್ದು. ಇಲಿ ತಿಂದಿದೆ.”

ಇಷ್ಟೇ ಕೆಲಸದಲ್ಲಿ ಒಬ್ಬ ಮನುಷ್ಯ ಬದುಕಬಹುದು ಎಂಬುದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಪುತ್ತೂರಿನಲ್ಲಿ ಎರಡು ಮೂರು ಪಾರ್ಲರ್, ಸುಳ್ಯದಲ್ಲಿ ಕಾಲೇಜಿನವರು ಆಡುವ ಜಾಗಗಳು, ಘಟ್ಟದ ಬದಿಗೆ ಹೋಂಸ್ಟೇಗಳು, ಕಡಬದ ಕಡೆಯ ರಬ್ಬರ್ ಎಸ್ಟೇಟಿನ ಹಳೆಯ ಕ್ಲಬ್ಬು. ಎಲ್ಲ ಕಡೆ ಮೇಜು ಗಟ್ಟಿಯಾಗಿರುತ್ತದೆ, ಬಟ್ಟೆಯನ್ನು ಮಂಗಳೂರಿನವರು ಬಂದು ಬದಲಾಯಿಸುತ್ತಾರೆ. ಮೊದಲು ಹಾಳಾಗುವುದು ಪಾಕೆಟ್ಟು. ನಮ್ಮ ಮಳೆಗೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ನೂಲು ಕುಂಬಾಗಿ ಕೈಯಲ್ಲೇ ಪುಡಿಯಾಗುತ್ತದೆ.

ಅವರು ಪಾಕೆಟ್ಟನ್ನು ಕೈಗೆತ್ತಿಕೊಳ್ಳುವ ಕ್ರಮವೇ ಬೇರೆ. ಮೊದಲು ಮೂಗಿಗೆ ಹಿಡಿಯುವರು. ಆಮೇಲೆ ಹೆಬ್ಬೆರಳನ್ನು ಒಳಗೆ ಹಾಕಿ ಬಾಯಿಯ ಸುತ್ತ ನಿಧಾನವಾಗಿ ಒಂದು ಸುತ್ತು ತಿರುಗಿಸುವರು. “ಇದು ಮೂಲೆಯದ್ದು” ಎನ್ನುವರು, ಅಥವಾ “ಇದು ನಡುವಿನದ್ದು”. ಮೂಲೆಯ ಪಾಕೆಟ್ಟಿನ ಕಂಬಿಯ ಎರಡು ತೋಳು ಅಗಲಕ್ಕೆ ಚಾಚಿರುತ್ತವೆ, ಯಾಕೆಂದರೆ ಅದು ಮೇಜಿನ ಮೂಲೆಯನ್ನು ಅಪ್ಪಬೇಕು. ನಡುವಿನದ್ದರ ತೋಳುಗಳು ಹೆಚ್ಚುಕಡಿಮೆ ನೇರ. ಇದನ್ನು ಕಲಿಯಲು ನನಗೆ ಒಂದು ವಾರ ಬೇಕಾಯಿತು. ಇನ್ನೊಂದು ವ್ಯತ್ಯಾಸವನ್ನೂ ಅವರೇ ಹೇಳಿಕೊಟ್ಟರು. ಕೆಲವು ಪಾಕೆಟ್ಟುಗಳಿಗೆ ಕೆಳಗೆ ಬಲೆ ಇರುತ್ತದೆ, ಬಿದ್ದ ಚೆಂಡು ಅಲ್ಲಿಯೇ ನಿಲ್ಲುತ್ತದೆ. ಇನ್ನು ಕೆಲವಕ್ಕೆ ತಳವೇ ಇಲ್ಲ. ಚೆಂಡು ಅದರ ಮೂಲಕ ಮೇಜಿನ ಹೊಟ್ಟೆಯ ಓಣಿಗೆ ಬಿದ್ದು ಉರುಳಿಕೊಂಡು ಹೋಗಿ ಒಂದು ತುದಿಯಲ್ಲಿ ಸೇರುತ್ತದೆ.

ಒಮ್ಮೆ ಎಸ್ಟೇಟ್ ಕ್ಲಬ್ಬಿನ ಮ್ಯಾನೇಜರ್ ಆರು ಪಾಕೆಟ್ ತಂದುಕೊಟ್ಟರು. ಇಚ್ಚ ಅವನ್ನು ನೆಲದಲ್ಲಿ ಮೇಜಿನ ಆಕಾರಕ್ಕೆ ಇಟ್ಟು ನೋಡಿ ಕೇಳಿದರು, “ನಿಮ್ಮ ಮೇಜಿನ ಈ ಬದಿಯಲ್ಲಿ ಕಿಟಕಿ ಉಂಟಲ್ಲವಾ?”

“ಉಂಟು. ನಿಮಗೆ ಹೇಗೆ ಗೊತ್ತು ಮಾರಾಯ್ರೆ?”

“ಈ ಎರಡಕ್ಕೆ ಮಾತ್ರ ಬಿಸಿಲು ಬಿದ್ದಿದೆ. ಮತ್ತೆ ಮೇಜು ಸಮ ಇಲ್ಲ, ಕಿಟಕಿಯ ಕಡೆಗೆ ಮಾಲಿದೆ. ಹೆಚ್ಚು ಚೆಂಡು ಇವಕ್ಕೇ ಬಿದ್ದಿದೆ, ನೋಡಿ ಸವೆದದ್ದು.”

ಮ್ಯಾನೇಜರ್ ವಾಪಸು ಹೋಗಿ ಮೇಸ್ತ್ರಿಯಿಂದ ನೀರುಮಟ್ಟ ಇಡಿಸಿ ನೋಡಿ ಫೋನ್ ಮಾಡಿದರು. ಮೇಜು ಮಾಲಿದ್ದು ಹೌದು. “ನೀವೇ ಒಮ್ಮೆ ಬನ್ನಿ, ಜೀಪು ಕಳಿಸ್ತೇನೆ” ಎಂದರಂತೆ. ಇಚ್ಚ “ಬರಲಿಕ್ಕಾಗುದಿಲ್ಲ” ಎಂದಷ್ಟೇ ಹೇಳಿ ಫೋನ್ ಇಟ್ಟರು.

ಆ ಮೂರು ತಾಲೂಕಿನ ಎಲ್ಲ ಮೇಜುಗಳ ಕಷ್ಟಸುಖ ಅವರಿಗೆ ಗೊತ್ತಿತ್ತು. ಆದರೆ ನಾನು ಕಂಡಂತೆ ಆರು ವರ್ಷ ಅವರು ಒಂದು ಮೇಜನ್ನೂ ಕಣ್ಣಿನಿಂದ ನೋಡಲಿಲ್ಲ. ಅದರ ಕಾರಣ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು.

ಅವರು ಇಪ್ಪತ್ತೆರಡು ವರ್ಷ ಗಲ್ಫಿನ ಒಂದು ಹೋಟೆಲಿನಲ್ಲಿದ್ದವರು. ಮೊದಲು ನೆಲ ಒರೆಸಲು ಸೇರಿ, ಆಟದ ಕೋಣೆಯ ಮೇಜುಗಳನ್ನು ನೋಡಿಕೊಳ್ಳುತ್ತಿದ್ದ ಫಿಲಿಪ್ಪೀನ್ಸಿನ ಮುದುಕನಿಂದ ಈ ಕೆಲಸ ಕಲಿತು, ಅವನು ಊರಿಗೆ ಹೋದ ಮೇಲೆ ಅವನ ಜಾಗಕ್ಕೆ ಬಂದವರು. ನಲವತ್ತು ದಿನದ ರಜೆಯಲ್ಲಿ ಊರಿಗೆ ಬಂದಿದ್ದಾಗ ಪರಿಚಯದ ಒಬ್ಬರು ತಮ್ಮ ಪಾರ್ಲರಿನ ಪಾಕೆಟ್ ಹೊಲಿದುಕೊಡಲು ಕೇಳಿದರು. ಸುಮ್ಮನೆ ಕೂರಲಾಗದೆ ಇವರು ಆರನ್ನೂ ಹೊಸದಾಗಿ ಹೊಲಿದು, ಒಂದು ಮಧ್ಯಾಹ್ನ ಮೇಜಿಗೆ ಕೂರಿಸಲು ತೆಗೆದುಕೊಂಡು ಹೋದರು. ಆಚೆಯ ಮೇಜಿನಲ್ಲಿ ಕೆಲವರು ಪಣ ಕಟ್ಟಿ ಆಡುತ್ತಿದ್ದರು. ಇವರು ಮೊದಲ ಪಾಕೆಟ್ ಕೂರಿಸುವ ಮೊದಲೇ ಪೊಲೀಸರು ಬಂದರು.

“ಇದು ಎಂತ ಅಂತ ಕೇಳಿದರು ಅಕ್ಕ. ನಾನು ಕಿಸೆ ಅಂದೆ. ನಮ್ಮ ಭಾಷೆಯಲ್ಲಿ ಮತ್ತೆಂತ ಹೇಳುದು? ಅವರು ಬರೆದುಕೊಂಡರು.”

ಮಹಜರಿನಲ್ಲಿ ಹೀಗೆ ಬರೆದಿತ್ತು: ‘ಜೂಜಿನ ಹಣ ಹಾಕುವ ಒಂದೇ ಮಾದರಿಯ ಚರ್ಮದ ಕಿಸೆಗಳು, ಆರು.’ ಹಣದ ಕಿಸೆ ಇಟ್ಟುಕೊಂಡವನೇ ಆಟ ನಡೆಸುವವನು ಎಂದಾಯಿತು. ಆಡಿದವರೆಲ್ಲ ಕೆಳಗಿನ ಸಾಲಿನ ಆರೋಪಿಗಳು, ಇವರು ಮೊದಲನೆಯವರು. ಜಾಮೀನು ಕೊಡುವಾಗ ಕೋರ್ಟು ಇವರ ಪಾಸ್‌ಪೋರ್ಟ್ ಇಟ್ಟುಕೊಂಡಿತು, ಅನುಮತಿ ಇಲ್ಲದೆ ಪುತ್ತೂರು ತಾಲೂಕು ಬಿಡಬಾರದು ಎಂದಿತು. ಇನ್ನೊಂದು ಕೇಸಾದೀತೆಂದು ತಾಲೂಕಿನೊಳಗೂ ಅವರು ಮತ್ತೆ ಯಾವ ಮೇಜಿನ ಹತ್ತಿರವೂ ಸುಳಿಯಲಿಲ್ಲ. ಅಂದಿನಿಂದ ಅವರು ‘ಕಿಸೆ’ ಎಂಬ ಶಬ್ದವನ್ನು ಬಿಟ್ಟರು. ಅಂಗಿಯ ಕಿಸೆಗೂ ಪಾಕೆಟ್ ಎಂದೇ ಹೇಳುತ್ತಿದ್ದರು.

ಬಿಡುಗಡೆಗೆ ಒಂದು ಸುಲಭದ ದಾರಿ ಇತ್ತು. ಉಳಿದವರೆಲ್ಲ ಆ ದಾರಿ ಹಿಡಿದರು. ತಪ್ಪು ಒಪ್ಪಿಕೊಂಡು, ದಂಡ ಕಟ್ಟಿ, ಒಂದೇ ವಾರದಲ್ಲಿ ಕೇಸು ಮುಗಿಸಿ ಮನೆಗೆ ಹೋದರು. ಇವರ ವಕೀಲರೂ ಅದನ್ನೇ ಹೇಳಿದರು.

“ಒಪ್ಪಿಕೊಳ್ಳಿ ಮಾರಾಯ್ರೆ. ಒಂದು ಸಹಿ. ಮುಂದಿನ ತಿಂಗಳು ನೀವು ವಿಮಾನದಲ್ಲಿ ಇರ್ತೀರಿ.”

“ಎಂತ ಅಂತ ಒಪ್ಪಿಕೊಳ್ಳುದು?”

“ಅದು ಹಣದ ಕಿಸೆ ಅಂತ.”

“ಅದು ಹಣದ ಕಿಸೆ ಅಲ್ಲವಲ್ಲ.”

ಇದನ್ನು ಅವರು ನನಗೆ ಹೇಳಿದಾಗ ನಾನು ಬೈದೆ. “ಎಂತಾದರೂ ಆಗಲಿ ಇಚ್ಚ, ಸಹಿ ಹಾಕಿ ಹೋಗಬಾರದಿತ್ತಾ? ನಿಮ್ಮ ಕೆಲಸ ಹೋಯ್ತಲ್ಲ!”

ಅವರು ಸೂಜಿಯನ್ನು ಚರ್ಮದಿಂದ ಹೊರಗೆಳೆದು ಹೇಳಿದರು, “ಇಪ್ಪತ್ತೆರಡು ವರ್ಷ ಇದನ್ನೇ ಹೊಲಿದದ್ದು ಅಕ್ಕ. ಇದು ಇದಲ್ಲ ಅಂತ ನಾನೇ ಬರೆದುಕೊಟ್ಟರೆ ಮತ್ತೆ ನಾನು ಎಂತ ಮಾಡಿದ ಹಾಗಾಯ್ತು?”

ಆ ಹಠಕ್ಕೆ ಬೆಲೆ ತೆತ್ತವರು ಅವರೊಬ್ಬರೇ ಅಲ್ಲ. ಅವರ ಉಮ್ಮ, ಎಂದರೆ ತಾಯಿ, ಕಡಬದ ಹತ್ತಿರ ಇವರ ತಂಗಿಯ ಮನೆಯಲ್ಲಿದ್ದರು. ಉಮ್ಮ ಫೋನ್ ಮಾಡಿದಾಗ ಇಚ್ಚ ಸ್ಪೀಕರ್ ಹಾಕಿ ಕೆಲಸ ಮುಂದುವರಿಸುತ್ತಿದ್ದರು, ಗೋಡೆಯಾಚೆ ನನಗೆ ಎಲ್ಲ ಕೇಳುತ್ತಿತ್ತು. ಬ್ಯಾರಿ ಮಾತು ಅರ್ಧ ಅರ್ಥವಾದರೂ ಒಂದು ಮಾತು ಪ್ರತಿ ಸಲ ಇರುತ್ತಿತ್ತು: ಒಪ್ಪಿಕೊಂಡು ಬಿಡು ಮೋನೇ. ಇವರು “ಆಯ್ತು ಉಮ್ಮ, ಊಟ ಆಯ್ತಾ?” ಎಂದು ಮಾತು ತಿರುಗಿಸುತ್ತಿದ್ದರು.

ಮೊದಮೊದಲು ಉಮ್ಮನನ್ನು ನೋಡಲು ತೊಂದರೆ ಇರಲಿಲ್ಲ. ಆ ಊರು ಪುತ್ತೂರು ತಾಲೂಕಿನಲ್ಲೇ ಇತ್ತು. ತಿಂಗಳಿಗೊಮ್ಮೆ ಬಸ್ಸು ಹಿಡಿದು ಹೋಗಿ ಬರುತ್ತಿದ್ದರು. ಆಮೇಲೆ ಕಡಬ ಬೇರೆ ತಾಲೂಕಾಯಿತು. ಆ ದಿನ ಕಡಬದ ಗಿರಾಕಿಯೊಬ್ಬರು ನನ್ನ ಅಂಗಡಿಗೆ ಸಿಹಿ ತಂದುಕೊಟ್ಟರು. “ಇನ್ನು ಎಲ್ಲದಕ್ಕೂ ಪುತ್ತೂರಿಗೆ ಓಡುವುದು ತಪ್ಪಿತು” ಎಂದು ಅವರಿಗೆ ಖುಷಿ. ನಾನು ಒಂದು ತುಂಡು ಇಚ್ಚನಿಗೆ ಕೊಟ್ಟೆ. ಅವರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ವಕೀಲರಿಗೆ ಫೋನ್ ಮಾಡಿದರು.

“ಆದೇಶದಲ್ಲಿ ಪುತ್ತೂರು ತಾಲೂಕು ಅಂತ ಉಂಟು” ಎಂದರು ವಕೀಲರು. “ಹಳೆಯದ್ದಾ ಹೊಸದ್ದಾ ಅಂತ ಇಲ್ಲ. ನಾವೇ ಯಾಕೆ ಅವರ ಕೈಗೆ ಕೋಲು ಕೊಡುದು? ಅರ್ಜಿ ಹಾಕುವ.”

ಅರ್ಜಿ ಹಾಕಿದರು. ಒಮ್ಮೆ ಜಡ್ಜ್ ರಜೆ, ಒಮ್ಮೆ ವಕೀಲರ ಕಲಾಪ ಬಹಿಷ್ಕಾರ, ಆಮೇಲೆ ಜಡ್ಜ್‌ಗೆ ವರ್ಗ. ಆಮೇಲೆ ಕೊರೊನಾ ಬಂದು ಕೋರ್ಟೇ ಮುಚ್ಚಿತು. ಊರಿಗೆ ಊರೇ ಮನೆಯೊಳಗೆ ಚಡಪಡಿಸುತ್ತಿದ್ದಾಗ ಮಾಸ್ಕ್ ಹೊಲಿಯಲು ಅಂಗಡಿಗೆ ಬಂದಿದ್ದ ನನಗೆ ಇಚ್ಚ ತಮ್ಮ ಕೋಣೆಯ ಕಿಟಕಿಯಿಂದ ಹೇಳಿದ್ದು ನೆನಪಿದೆ: “ಇವರಿಗೆ ಹೊಸತು ಅಕ್ಕ. ನನಗೆ ಅಭ್ಯಾಸ ಉಂಟು.” ಹೇಳುವಾಗ ನಕ್ಕರು. ಆದರೆ ಆ ಮಳೆಗಾಲದಲ್ಲಿ ಅವರು ಕೋಣೆಯ ಉದ್ದವನ್ನು ಹೆಜ್ಜೆ ಹಾಕಿ ಅಳೆಯುವ ಶಬ್ದ ನನಗೆ ಗೋಡೆಯಾಚೆ ಕೇಳುತ್ತಿತ್ತು. ಎಂಟು ಹೆಜ್ಜೆ, ತಿರುಗುವುದು. ಎಂಟು ಹೆಜ್ಜೆ, ತಿರುಗುವುದು. ಸೂಜಿ ಹಿಡಿದಾಗ ಮಾತ್ರ ನಿಲ್ಲುತ್ತಿತ್ತು.

ಇನ್ನು ಹೇಳಬೇಕಾದದ್ದನ್ನು ನಾನು ಇಷ್ಟು ಹೊತ್ತು ಮುಂದೆ ಹಾಕುತ್ತಾ ಬಂದೆ.

ಕೋರ್ಟು ಮತ್ತೆ ತೆರೆದ ಕೆಲವು ತಿಂಗಳಿಗೆ ಉಮ್ಮ ಹಾಸಿಗೆ ಹಿಡಿದರು. ಅದುವರೆಗೆ ಇಲ್ಲಿ ಜೊತೆಗಿದ್ದ ಇಚ್ಚನ ಹೆಂಡತಿ ಆರೈಕೆಗೆ ಕಡಬಕ್ಕೆ ಹೋದರು. ಇವರ ಅರ್ಜಿ ಬುಧವಾರಕ್ಕೆ ಇತ್ತು. ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರು ನನ್ನ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

“ಉಮ್ಮನಿಗೆ ಜೋರಾಗಿದೆಯಂತೆ ಅಕ್ಕ. ಈಗ ಫೋನ್ ಬಂತು. ಹೋಗುದಾ, ಬೇಡವಾ?”

ನಾನು ಮಿಷನ್ನಿನಿಂದ ಕಾಲು ತೆಗೆದೆ. ನನಗೆ ಹೆದರಿಕೆಯಾಯಿತು. ಷರತ್ತು ಮುರಿದವರನ್ನು ಕೋರ್ಟಿನಿಂದ ನೇರ ಒಳಗೆ ಹಾಕಿದ್ದನ್ನು ಯಾರೋ ಹೇಳಿದ್ದು ನೆನಪಿಗೆ ಬಂತು.

“ಒಂದು ದಿನ ಅಲ್ಲವಾ ಇಚ್ಚ? ನಾಳೆ ಅನುಮತಿ ಸಿಕ್ಕಿಯೇ ಸಿಗ್ತದೆ. ಈಗ ಹೋಗಿ ಜಾಮೀನು ಹೋದರೆ ಮತ್ತೆ ಉಮ್ಮನನ್ನು ನೋಡುದು ಹೇಗೆ? ಹೋಗುದು ಬೇಡ.”

ಅವರು ತಲೆಯಾಡಿಸಿದರು. “ಸರಿ, ನೀವು ಹೇಳುದು ಹೌದು” ಎಂದು ತಮ್ಮ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಸುತ್ತಿಗೆಯಿಂದ ಮೊಳೆ ಹೊಡೆಯುವ ಶಬ್ದ ಕೇಳಿತು.

ಉಮ್ಮ ಹೋದರೆಂದು ಎರಡು ಗಂಟೆಗೆ ಫೋನ್ ಬಂತು. ಮಣ್ಣು ಮಾಡಲಿಕ್ಕಾದರೂ ಹೋಗಬಹುದೇ ಎಂದು ಕೇಳಲು ಅವರು ವಕೀಲರಿಗೆ ಮತ್ತೆ ಮತ್ತೆ ಫೋನ್ ಮಾಡಿದರು. ವಕೀಲರು ಕೋರ್ಟಿನೊಳಗೆ ಇದ್ದದ್ದರಿಂದ ಫೋನ್ ಬಂದ್. ಇಚ್ಚ ನನ್ನ ಅಂಗಡಿಯ ಬೆಂಚಿನಲ್ಲಿ ಕೂತಿದ್ದರು, ಮೊಬೈಲು ಮಡಿಲಲ್ಲಿ. ಹೋಗಿ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಎನ್ನಲೂ ಬರಲಿಲ್ಲ. ಐದೂವರೆಗೆ ವಕೀಲರೇ ಫೋನ್ ಮಾಡಿದರು.

“ಛೇ, ಮಣ್ಣಿಗೆ ಹೋಗಬಹುದಿತ್ತು ಮಾರಾಯ್ರೆ! ನಾನು ಕೋರ್ಟಿಗೆ ಹೇಳ್ತಿದ್ದೆ.”

ಅಷ್ಟರಲ್ಲಿ ಕಡಬದಲ್ಲಿ ಮಣ್ಣು ಮಾಡಿ ಆಗಿತ್ತು.

ಮರುದಿನ ಅನುಮತಿ ಸಿಕ್ಕಿತು. ‘ಅಸ್ವಸ್ಥ ತಾಯಿಯನ್ನು ನೋಡಿ ಬರಲು ಮೂರು ದಿನ.’ ಅವರು ಅದನ್ನು ನನಗೆ ತೋರಿಸಿದರು. “ನೋಡಲು ಅಂತ ಬರೆದಿದ್ದಾರೆ ಅಕ್ಕ. ಯಾರನ್ನು ನೋಡುದು?” ಕಾಗದವನ್ನು ನಾಲ್ಕು ಮಡಿಸಿ ಡಬ್ಬಿಯೊಂದಕ್ಕೆ ಹಾಕಿದರು. ಆ ಮೂರು ದಿನವೂ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ನನ್ನ ಬಾಗಿಲಿಗೆ ಬಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಎಂದಿನಂತೆ ನೂಲು ಕೇಳಿದರು, ಎಂದಿನಂತೆ ‘ಅಕ್ಕ’ ಎಂದರು. ಆ ಮೇಲೆ ನಾನು ಯಾರಿಗೂ ಯಾವುದಕ್ಕೂ ಹೋಗಿ, ಹೋಗಬೇಡಿ ಎಂದು ಹೇಳಿದವಳಲ್ಲ. ಸ್ವಂತ ತಂಗಿ, ನೋಡಿದ ಗಂಡನ್ನು ಮದುವೆಗೆ ಒಪ್ಪಲೇ ಎಂದು ಕೇಳಿದಾಗಲೂ ಬಾಯಿ ಬಿಡಲಿಲ್ಲ.

ಕೇಸು ವಿಚಾರಣೆಗೆ ಬಂದಾಗ ವಕೀಲರು ನನ್ನನ್ನು ಸಾಕ್ಷಿಯಾಗಿ ಕರೆದರು. ಚರ್ಮದ ಚೀಲ ಹೊಲಿಯುವವಳು, ಅವರ ಕೆಲಸವನ್ನು ದಿನಾ ನೋಡಿದವಳು. ಮನೆಯಲ್ಲಿ ಬೇಡ ಎಂದರು. ನಾನು ಹೋದೆ.

ಸೀಲು ಮಾಡಿದ ಗೋಣಿಯ ಕಟ್ಟನ್ನು ತಂದು ಮೇಜಿನ ಮೇಲಿಟ್ಟರು. ಅದನ್ನು ಅಂದಿನಿಂದ ಯಾರೂ ಬಿಚ್ಚಿರಲಿಲ್ಲ. ಹೊಲಿಗೆ ಕತ್ತರಿಸಿದಾಗ ಒಂದು ಕೆಟ್ಟ ವಾಸನೆ ಬಂತು. ಆರು ಪಾಕೆಟ್ಟುಗಳೂ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿ ಕೂತಿದ್ದವು. ಇಚ್ಚ ಅತ್ತ ನೋಡಿ ಕಣ್ಣು ಮುಚ್ಚಿಕೊಂಡರು.

ಸರಕಾರಿ ವಕೀಲರು ಒಂದನ್ನು ಎತ್ತಿ ನನ್ನನ್ನು ಕೇಳಿದರು, “ನೀವು ಚೀಲ ಹೊಲಿಯುವವರು. ಇದರಲ್ಲಿ ಹಣ ಹಾಕಬಹುದೋ ಇಲ್ಲವೋ?”

“ಕೊಡಿ ಸರ್” ಎಂದೆ. ತೆಗೆದುಕೊಂಡು ಮೇಲಿನಿಂದ ಕೈ ಹಾಕಿದೆ. ಕೈ ಕೆಳಗಿನಿಂದ ಹೊರಗೆ ಬಂತು. ಬೆರಳುಗಳನ್ನು ಅಲ್ಲಾಡಿಸಿದೆ.

“ಹಾಕಬಹುದು ಸರ್. ಆದರೆ ನಿಲ್ಲುದಿಲ್ಲ. ಇದಕ್ಕೆ ತಳ ಇಲ್ಲ.”

ಹಿಂದೆ ಕೂತವರು ನಕ್ಕರು. ಜಡ್ಜ್ ಮೇಡಂ ನಗಲಿಲ್ಲ. ಅದನ್ನು ತರಿಸಿಕೊಂಡು ಮೇಲಿನಿಂದ ಕೆಳಕ್ಕೆ ನೋಡಿದರು. ಆಮೇಲೆ ಇಚ್ಚನನ್ನು ಹತ್ತಿರ ಕರೆದರು.

“ಇಲ್ಲಿ ಒಂದೇ ಮಾದರಿಯ ಆರು ಎಂದು ಬರೆದಿದೆ. ಹೌದೇ?”

“ಅಲ್ಲ ಮೇಡಂ. ನಾಲ್ಕು ಮೂಲೆಯವು, ಎರಡು ನಡುವಿನವು.”

“ತೋರಿಸಿ.”

ಅವರು ಅಂಟಿದ್ದನ್ನು ಬಿಡಿಸಿದರು. ನೋಡಲೇ ಇಲ್ಲ, ಹೆಬ್ಬೆರಳು ಒಳಗಿಟ್ಟು ಒಂದೊಂದನ್ನೇ ತಿರುಗಿಸಿ ಮೇಜಿನ ಮೇಲೆ ಇಡುತ್ತಾ ಹೋದರು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಆಚೆಗೊಂದು ಈಚೆಗೊಂದು. ಮೇಜಿಲ್ಲದಿದ್ದರೂ ಅಲ್ಲೊಂದು ಮೇಜಿನ ಆಕಾರ ಕಾಣಿಸಿತು. ಚೆಂಡು ಎಲ್ಲಿ ಬಿದ್ದು ಎಲ್ಲಿ ಉರುಳುತ್ತದೆ ಎಂದು ಬೆರಳಿನಿಂದ ತೋರಿಸಿದರು. 

“ಇದನ್ನು ಆ ದಿನವೇ ಯಾಕೆ ಹೇಳಲಿಲ್ಲ?” ಎಂದು ಮೇಡಂ ಕೇಳಿದರು.

“ಹೇಳಿದೆ ಮೇಡಂ. ಬರೆದದ್ದು ಬೇರೆ.”

ಎರಡು ತಿಂಗಳಿಗೆ ತೀರ್ಪು ಬಂತು. ಖುಲಾಸೆ. ಪಾಸ್‌ಪೋರ್ಟ್ ವಾಪಸು ಸಿಕ್ಕಿತು, ಅವಧಿ ಮುಗಿದಿತ್ತು. ಒಳಗಿನ ಫೋಟೊ ನೋಡಿ “ಇವನಿಗೆ ಕೂದಲು ಉಂಟು ನೋಡಿ” ಎಂದರು. ಗಲ್ಫಿನ ಹೋಟೆಲಿನಲ್ಲಿ ಈಗ ಬೇರೆಯವರಿದ್ದರು, ಆ ವಯಸ್ಸಿಗೆ ಹೊಸ ವೀಸಾ ಯಾರೂ ಕೊಡರು. ಆರು ಪಾಕೆಟ್ಟುಗಳನ್ನೂ ಕೋರ್ಟು ಹಿಂದೆ ಕೊಟ್ಟಿತು. ಎಸೆಯುತ್ತಾರೆ ಎಂದುಕೊಂಡಿದ್ದೆ. ಅವರು ಮೂರು ವಾರ ಕೂತು ಬೂಷ್ಟು ತೆಗೆದು, ಎಣ್ಣೆ ಕುಡಿಸಿ, ಹಳೆ ಹೊಲಿಗೆ ಬಿಚ್ಚಿ ಹೊಸದು ಹಾಕಿದರು. ಐದು ಉಳಿದವು. ಒಂದರ ಚರ್ಮ ಪೂರ್ತಿ ಕುಂಬಾಗಿತ್ತು. ಅದಕ್ಕೆ ನನ್ನಲ್ಲಿದ್ದ ಕಪ್ಪು ಚರ್ಮದ ತುಂಡು ಕೊಟ್ಟೆ. ಮೇಜಿನ ಯಜಮಾನ ಎಂದೋ ಪಾರ್ಲರ್ ಮುಚ್ಚಿ ಊರು ಬಿಟ್ಟಿದ್ದ. ಜಾಲ್ಸೂರಿನ ಹತ್ತಿರ ಹೊಸದಾಗಿ ಮೇಜು ತಂದವರೊಬ್ಬರಿಗೆ ಇವು ಸರಿಹೊಂದಿದವು. ಈ ಸಲ ಅವರೇ ಹೋಗಿ ಕೂರಿಸಿ ಬಂದರು.

ಆದರೆ ಅದಕ್ಕೂ ಮೊದಲು, ತೀರ್ಪು ಬಂದ ಮರುದಿನ ಬೆಳಿಗ್ಗೆ, ಅವರು ಬಂದು ಕೇಳಿದ್ದು ಇದು: “ಅಕ್ಕ, ಕಡಬಕ್ಕೆ ಬರ್ತೀರಾ? ಇವಳೂ ಇದ್ದಾಳೆ.”

ನಾವು ಮೂವರೂ ಪುತ್ತೂರಿಗೆ ಹೋಗಿ ಕಡಬದ ಬಸ್ಸು ಹಿಡಿದೆವು. ಮಸೀದಿಯ ಆವರಣದ ಹೊರಗೆ ಅವರ ಹೆಂಡತಿ ಮತ್ತು ನಾನು ನಿಂತೆವು. ಅವರು ಒಬ್ಬರೇ ಉಮ್ಮನನ್ನು ಮಣ್ಣು ಮಾಡಿದ ಖಬರಿನ ಹತ್ತಿರ ಹೋದರು. ಬಹಳ ಹೊತ್ತಾಯಿತು. ಹೊರಗೆ ಬಂದಾಗ ಮೊಣಕಾಲಿನಲ್ಲಿ ಮಣ್ಣಿತ್ತು, ಒರೆಸಿಕೊಂಡಿರಲಿಲ್ಲ. ತಂಗಿಯ ಮನೆಯಲ್ಲಿ ಊಟ ಮಾಡಿದೆವು. ಹೆಂಡತಿ ಎರಡು ದಿನ ಅಲ್ಲಿಯೇ ಉಳಿದರು. ಅಂಗಡಿಯ ಕೆಲಸವಿದ್ದದ್ದರಿಂದ ನಾವಿಬ್ಬರು ಹೊರಟು ಬಸ್‌ಸ್ಟ್ಯಾಂಡಿನಲ್ಲಿ ಕೂತೆವು.

ನಾನು ಮೂರು ವರ್ಷದಿಂದ ನುಂಗಿದ್ದ ಮಾತನ್ನು ಆಡಿದೆ. “ನಾನು ಆ ದಿನ ಹಾಗೆ ಹೇಳಬಾರದಿತ್ತು ಇಚ್ಚ.”

ಅವರು ರಸ್ತೆಯನ್ನೇ ನೋಡುತ್ತಿದ್ದರು. “ನೀವು ಹೇಳಿದ್ದಕ್ಕೆ ನಾನು ನಿಂತದ್ದಲ್ಲ ಅಕ್ಕ. ಫೋನ್ ಬಂದದ್ದು ಒಂಬತ್ತು ಗಂಟೆಗೆ. ನಾನು ಪುತ್ತೂರಿಗೆ ಹೋದೆ. ಕಡಬದ ಬಸ್ಸು ಬಂತು, ಎದುರೇ ನಿಂತಿತು. ಕಂಡಕ್ಟರ್ ಬರ್ತೀರಾ ಅಂತ ಕೇಳಿದ. ನನ್ನ ಕಾಲು ಏಳಲಿಲ್ಲ. ಬಸ್ಸು ಹೋಯ್ತು. ಆಮೇಲೆ ವಾಪಸು ಬಂದು ನಿಮ್ಮ ಹತ್ತಿರ ಕೇಳಿದ್ದು.”

“ಮತ್ತೆ ಕೇಳಿದ್ದು ಯಾಕೆ?”

“ಯಾರಾದರೂ ಬೇಡ ಅಂತ ಹೇಳಲಿ ಅಂತ.”

ಅದು ನಿಜವೋ, ನನ್ನ ಮೇಲಿನ ಭಾರ ಇಳಿಸಲು ಆ ಗಳಿಗೆಯಲ್ಲಿ ಹೊಲಿದದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಮುಖ ನೋಡಿ ತಿಳಿಯೋಣವೆಂದರೆ ಅವರು ಈ ಕಡೆ ತಿರುಗಲಿಲ್ಲ. ಆಮೇಲೆ ಅವರು ಬದುಕಿದ ಎರಡು ವರ್ಷದಲ್ಲಿ ಕೇಳುವ ಧೈರ್ಯ ನನಗೆ ಬರಲಿಲ್ಲ, ಕೇಳಿ ತಿಳಿಯಬೇಕೆಂದೂ ಅನಿಸಲಿಲ್ಲ.

ಪುತ್ತೂರಿನ ಬಸ್ಸು ಬಂದು ನಿಂತಿತು. ಅವರು ಎದ್ದು, ಯಾರಾದರೂ ಕರೆಯಲಿ ಎಂದು ಕಾಯದೆ ಮೊದಲು ಹತ್ತಿದರು.